ದೊಣೆಯ ನಾಡಿನಲ್ಲಿ ಒಂದು ದೋಣಿ

ಯಾರ ಮನೆಗೆ ಹೋದರೂ ಕುರ್ಚಿಯ ಕೈ, ಮೇಜಿನ ಅಂಚು, ಬಾಗಿಲ ಚೌಕಟ್ಟು, ಯಾವುದು ಹತ್ತಿರ ಸಿಕ್ಕಿದರೆ ಅದರ ಮೇಲೆ ಹೆಬ್ಬೆರಳು ಆಡಿಸುವ ಚಟ ನನಗಿದೆ. ಅದು ಚಟವೆಂದು ಗೊತ್ತಾದದ್ದು ಈಚೆಗೆ. ಚಿತ್ರದುರ್ಗದಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಹೊಸ ಸೋಫಾದ ಮರದ ಕೈಯನ್ನು ಸವರುತ್ತ ಕೂತಿದ್ದೆ. ಮನೆಯೊಡತಿ ಬಂದು, "ಯಾಕ್ರಿ ಸುಮಕ್ಕ, ಧೂಳು ಐತೇನ್ರಿ? ಬೆಳಿಗ್ಗೇನೇ ಒರೆಸಿದೀನಲ್ಲ" ಅಂದರು.

"ಧೂಳಲ್ಲರಿ. ಕೆಲಸ ಚೆನ್ನಾಗೈತೆ, ಎಲ್ಲೂ ಸಿಬಿರಿಲ್ಲ" ಅಂದೆ.

ಅವರು ನಂಬಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ ಮೇಲೆ ಬಟ್ಟೆ ತಂದು ಅದನ್ನು ಇನ್ನೊಮ್ಮೆ ಒರೆಸುತ್ತಿದ್ದುದು ಕಿಟಕಿಯಿಂದ ಕಾಣಿಸಿತು.

ಈ ಚಟದ ಬೇರು ಹೊಳಲ್ಕೆರೆಯ ಒಂದು ಸಾಮಿಲ್ಲಿನಲ್ಲಿದೆ. ಅಪ್ಪ ಅಲ್ಲಿ ಮರ ಕೊಯ್ಯುವ ಕೆಲಸಕ್ಕಿದ್ದರು. ಮಿಲ್ಲಿನ ಹಿಂದೆಯೇ ನಮ್ಮ ಮನೆ. ಮನೆ ಎಂದರೆ ಎರಡು ಕೋಣೆ, ಒಂದು ಜಗಲಿ, ಎಲ್ಲದರ ಮೇಲೂ ಸದಾ ಕೂತಿರುತ್ತಿದ್ದ ಮರದ ಹೊಟ್ಟು. ಪುಸ್ತಕದ ಹಾಳೆಗಳ ನಡುವೆ ಹೊಟ್ಟು, ಹಾಸಿಗೆಯಲ್ಲಿ ಹೊಟ್ಟು, ತಲೆಯಲ್ಲಿ ಹೊಟ್ಟು. ಶಾಲೆಯಲ್ಲಿ ಗೆಳತಿಯರು ನನ್ನ ಜಡೆ ನೋಡಿ ನಿಂಬೆರಸ ಹಚ್ಚಿಕೊಳ್ಳೆಂದು ಬುದ್ಧಿ ಹೇಳುತ್ತಿದ್ದರು. ಇದು ಆ ಹೊಟ್ಟಲ್ಲ, ತೇಗದ ಹೊಟ್ಟು ಎಂದು ನಾನು ವಾದ ಮಾಡುತ್ತಿದ್ದೆ. ಅಡಿಗೆಯೂ ಅದರಲ್ಲೇ ಆಗುತ್ತಿತ್ತು. ಅಮ್ಮ ತಗಡಿನ ಡಬ್ಬದ ನಡುವೆ ಒಂದು ಸೀಸೆ ನಿಲ್ಲಿಸಿ, ಸುತ್ತಲೂ ಹೊಟ್ಟನ್ನು ಗಿಡಿದು ತುಂಬಿ, ಸೀಸೆಯನ್ನು ಮೆಲ್ಲಗೆ ತಿರುಗಿಸಿ ಮೇಲಕ್ಕೆಳೆದರೆ ಒಲೆ ಸಿದ್ಧ. ಸೀಸೆ ಎಳೆಯುವ ಕೆಲಸ ನನ್ನದು. ಹೊಟ್ಟು ಕುಸಿದರೆ ಬೈಗುಳವೂ ನನ್ನದೇ.

ಆಗ ನಾನೂ ಅಣ್ಣ ತಿಪ್ಪೇಸ್ವಾಮಿಯೂ ಒಂದು ಆಟ ಆಡುತ್ತಿದ್ದೆವು. ಕಣ್ಣು ಮುಚ್ಚಿ, ಕೊಯ್ದ ಹಲಗೆಯ ಮೇಲೆ ಹೆಬ್ಬೆರಳು ಆಡಿಸಿ ಯಾವ ಮರವೆಂದು ಹೇಳಬೇಕು. ಯಾವಾಗಲೂ ಅಣ್ಣನೇ ಗೆಲ್ಲುತ್ತಿದ್ದ. ಅವನು ಕಣ್ಣನ್ನು ಅರ್ಧ ತೆರೆದಿರುತ್ತಿದ್ದ ಎಂಬ ಸಂಗತಿ ಹೊರಬಿದ್ದದ್ದು ಅವನ ಮದುವೆಯಾದ ಹೊಸತರಲ್ಲಿ. ಅತ್ತಿಗೆ ರತ್ನಮ್ಮನ ಮುಂದೆ ಅವನೇ ದೊಡ್ಡಸ್ತಿಕೆಯಿಂದ ಹೇಳಿಕೊಂಡ. ಅತ್ತಿಗೆ ನನ್ನ ಮುಖ ನೋಡಿ, "ಇಂಥೋನ್ನ ನಂಬಿ ನಾನು ಬಂದೆ ನೋಡು" ಅಂದರು. ಆ ಮಾತಿನಿಂದ ನಾವಿಬ್ಬರೂ ಒಂದು ಪಕ್ಷವಾದೆವು. ಕೊನೆಯವರೆಗೂ ಹಾಗೇ ಇದ್ದೆವು.

ನೀರಿನ ವಿಷಯಕ್ಕೆ ಬರುತ್ತೇನೆ. ದುರ್ಗದ ಬೆಟ್ಟ ಹತ್ತಿದವರಿಗೆ ಬಂಡೆಯ ಕುಳಿಯಲ್ಲಿ ಮಳೆನೀರು ನಿಂತಿರುವುದು ಕಾಣುತ್ತದೆ. ಅದಕ್ಕೆ ದೊಣೆ ಎನ್ನುತ್ತಾರೆ. ನಮ್ಮ ಕಡೆ ದೊಣೆ ಇದೆ, ದೋಣಿ ಇಲ್ಲ. ಮೀನು ಹಿಡಿಯುವವರ ಹರಗೋಲು ಅಲ್ಲೊಂದು ಇಲ್ಲೊಂದು ಕೆರೆಯಲ್ಲಿ ತಿರುಗುತ್ತಿರುತ್ತದೆ, ಅಷ್ಟೇ. ನಾನು ಈಜು ಕಲಿತದ್ದು ಬಾವಿಯಲ್ಲಿ, ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು. ಕಟ್ಟಿದವನು ಅಣ್ಣ. ಗಂಟು ಬಿಚ್ಚಿಹೋದಾಗ ಹಾರಿ ಎತ್ತಿದವನೂ ಅವನೇ. ಹಾಗಾಗಿ ದೂರಬೇಕೋ ಹೊಗಳಬೇಕೋ ಇವತ್ತಿಗೂ ತೀರ್ಮಾನವಾಗಿಲ್ಲ.

ಈಗ ನಾನು ಹೊಸದುರ್ಗದಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ವಾರವಿಡೀ ಸೂಜಿ, ಸೀಸೆ, ಅಳುವ ಮಕ್ಕಳು, ಅಳದಿದ್ದರೂ ಮುಖ ಆ ಕಡೆ ತಿರುಗಿಸುವ ದೊಡ್ಡವರು. ಭಾನುವಾರ ಮಾತ್ರ ಮರ. ಮೊದಲು ಮಣೆ ಮಾಡಿದೆ, ಆಮೇಲೆ ಪುಸ್ತಕದ ಕಪಾಟು. ಒಂದು ಭಾನುವಾರ ಫೋನಿನಲ್ಲಿ ಯಾವುದೋ ಹಿಮದ ದೇಶದವನೊಬ್ಬ ತನ್ನ ಕಾರಿನ ಶೆಡ್ಡಿನಲ್ಲಿ ಮರದ ದೋಣಿ ಕಟ್ಟುವುದನ್ನು ನೋಡಿದೆ. ಅವನು ಮಾತಾಡುತ್ತಿರಲಿಲ್ಲ. ತೆಳ್ಳನೆಯ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸುತ್ತ ಹೋದ. ಕೊನೆಗೆ, ಬಾಳೆಹೂವಿನ ಒಂದು ಎಸಳನ್ನು ಕಿತ್ತು ಮಲಗಿಸಿದ ಹಾಗೆ, ಎರಡೂ ತುದಿ ಚೂಪಾದ ಉದ್ದನೆಯ ದೋಣಿ ಎದ್ದು ಬಂತು. ನಾನು ಅದನ್ನು ಮತ್ತೆ ಮೊದಲಿಂದ ಹಾಕಿ ನೋಡಿದೆ. ನಮ್ಮನೆಯವರು ಇಣುಕಿ, "ಇದು ಬ್ಯಾಡ ಸುಮ" ಅಂದರು. ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ದೋಣಿಗೆ ಮೊದಲು ಹುಟ್ಟು ಮಾಡಿದೆ. ಚಿಕ್ಕದರಿಂದ ಶುರು ಮಾಡುವುದು ಕ್ಷೇಮವೆಂಬ ಲೆಕ್ಕ. ಹಳೆಯ ಬಾಗಿಲಿನ ತೇಗದ ತುಂಡನ್ನು ಹತ್ತರಿಯಲ್ಲಿ ಹೆರೆದು ಹೆರೆದು, ಅಲಗು ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ, ಹಿಡಿ ಸೊಟ್ಟ ಆಯಿತು. ನೀರಿಲ್ಲದೆ ಪರೀಕ್ಷೆ ಮಾಡುವುದು ಹೇಗೆಂದು ತಿಳಿಯದೆ ಅಡಿಗೆಮನೆಯ ಮೂಲೆಯಲ್ಲಿ ನಿಲ್ಲಿಸಿದ್ದೆ. ಮಾರನೆಯ ದಿನ ಕೆಲಸದಿಂದ ಬಂದರೆ ಅತ್ತೆ ಅದರ ಹಿಡಿಯನ್ನು ಕತ್ತರಿಸಿಕೊಂಡು, ಪಾತ್ರೆಯನ್ನು ಕಾಲಲ್ಲಿ ಒತ್ತಿಹಿಡಿದು, ಮುದ್ದೆ ತಿರುವುತ್ತಿದ್ದರು.

"ಭಾಳ ಚೆನ್ನಾಗ್ ಮಾಡೀಯ ಕಣೆ. ಅಂಗಡಿ ಕೋಲಿಗಿಂತ ಇದೇ ವಾಸಿ. ಉದ್ದ ಒಂದು ಜಾಸ್ತಿ ಆಗಿತ್ತು, ಕೊಯ್ದೆ" ಅಂದರು.

ಅತ್ತೆ ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಅದು ಮುದ್ದೆಕೋಲಲ್ಲ ಎಂದು ನಾನು ಹೇಳಲಿಲ್ಲ. ಇನ್ನೆರಡು ಹುಟ್ಟು ಮಾಡಿದೆ, ಅವನ್ನು ಬೀರುವಿನ ಹಿಂದೆ ಇಟ್ಟೆ.

ದೋಣಿಗೆ ಹೆಬ್ಬೇವು ಸಿಕ್ಕಿತು. ಶ್ರೀರಾಂಪುರದ ಹತ್ತಿರ ಒಬ್ಬರು ಹೊಲದ ಬದುವಿನಲ್ಲಿ ಬೆಳೆಸಿದ್ದರು. ಹಗುರ ಮರ, ಬಾಗು ಎಂದರೆ ಬಾಗುತ್ತದೆ. ಪಟ್ಟಿ ಪಟ್ಟಿಯಾಗಿ ಕೊಯ್ಯಿಸಿ ತಂದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಪೇರಿಸಿದೆವು. ಪ್ಲೈವುಡ್ಡಿನಲ್ಲಿ ಪಕ್ಕೆಲುಬಿನಂಥ ಅಚ್ಚುಗಳನ್ನು ಕೊಯ್ದು ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಒಂದೊಂದೇ ಪಟ್ಟಿ ಬಾಗಿಸಿ, ಅಂಟು ಹಚ್ಚಿ, ಒಣಗುವವರೆಗೆ ಹಗ್ಗ ಬಿಗಿದು ಬಿಡಬೇಕು. ದೋಣಿ ಕವುಚಿಕೊಂಡೇ ಬೆಳೆಯುತ್ತದೆ. ಅತ್ತೆ ಶೆಡ್ಡಿನ ಬಾಗಿಲಿಗೆ ಬಂದು ನಿಂತು, "ಇದೇನೇ, ಚಟ್ಟ ಕಟ್ಟಿದಂಗೆ ಕಾಣ್ತೈತೆ. ಇನ್ನೂ ಇದೀನಿ ನಾನು" ಅಂದು ಹೋದರು. ಓಣಿಯವರು ಹಿತ್ತಲ ಗೋಡೆಯ ಮೇಲಿಂದ ಇಣುಕುತ್ತಿದ್ದರು. ಒಬ್ಬರು ದನದ ಬಾನಿ ಎಂದುಕೊಂಡರು, ಒಬ್ಬರು ನಾಟಕದ ಸೀನಿನ ಸಾಮಾನು ಎಂದುಕೊಂಡರು. ದೋಣಿ ಎಂದ ಮೇಲೆ ಎಲ್ಲರ ಪ್ರಶ್ನೆಯೂ ಒಂದೇ. "ನೀರೆಲ್ಲೈತೆ?"

ಅಣ್ಣ ತಾಯಿಯ ಕಡೆಯಿಂದ ಬಂದ ಹೊಲ ಮಾಡಿಕೊಂಡು ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ಹಳ್ಳಿಯೊಂದರಲ್ಲಿದ್ದ. ಹಿನ್ನೀರು ಎಂಬುದು ಹೆಸರಿಗೆ. ನಾನು ಕಂಡಾಗಿನಿಂದ ನೀರು ಅವನ ಹೊಲದಿಂದ ಬಹಳ ದೂರದಲ್ಲಿ, ಬಿಸಿಲಿಗೆ ಮಿನುಗುವ ಗೆರೆಯಂತೆ ಇರುತ್ತಿತ್ತು. ಅವನು ಶೆಡ್ಡಿನೊಳಗೆ ಒಂದು ಸುತ್ತು ಹಾಕಿ, "ಹಿಂಗೇ ಕವುಚಿದಂಗೇ ಇರ್ಲಿ ಬಿಡು ಸುಮ. ಕೋಳಿಗೂಡು ಆಗುತ್ತೆ" ಅಂದ.

ನಗದೆ ನೋಡಿದವರು ಅತ್ತಿಗೆ ಒಬ್ಬರೇ. ಆ ವರ್ಷ ಅವರು ಆಗಾಗ ಆಸ್ಪತ್ರೆಗೆಂದು ಹೊಸದುರ್ಗಕ್ಕೆ ಬಂದು ನಮ್ಮಲ್ಲಿ ಉಳಿಯುತ್ತಿದ್ದರು. ಅವರ ರಕ್ತ ತೆಗೆಯುತ್ತಿದ್ದವಳು ನಾನೇ. ಕೈಯ ನರ ಸಿಗದೆ ಹುಡುಕುತ್ತಿದ್ದರೆ, "ಮರಕ್ಕೆ ಚುಚ್ಚಿದಂಗೆ ಚುಚ್ಚು, ನಂಗೇನಿಲ್ಲ" ಎನ್ನುತ್ತಿದ್ದರು. ಮನೆಗೆ ಬಂದ ಮೇಲೆ ಶೆಡ್ಡಿನಲ್ಲಿ ಮಣೆ ಹಾಕಿಕೊಂಡು ಕೂತು ನಾನು ಪಟ್ಟಿ ಅಂಟಿಸುವುದನ್ನು ನೋಡುತ್ತಿದ್ದರು. ಒಂದು ದಿನ, "ಇದ್ನ ಯಾಕ್ ಮಾಡ್ತೀಯಾ ಸುಮ?" ಅಂತ ಕೇಳಿದರು. ಆಡಿಕೊಳ್ಳುವ ದನಿಯಲ್ಲಿ ಅಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದ್ದು. ನಾನು ಸ್ವಲ್ಪ ಯೋಚಿಸಿ, "ಕೈ ಸುಮ್ನಿರಲ್ಲ ಅತ್ತಿಗೆ" ಅಂದೆ. "ಅಷ್ಟು ಸಾಕು ಬಿಡು" ಅಂದರು.

ಪಟ್ಟಿಗಳು ಅರ್ಧ ಮುಗಿದಿದ್ದಾಗ ಅತ್ತಿಗೆ ತೀರಿಕೊಂಡರು. ಅಣ್ಣ ಅವರನ್ನು ಹೊಲದಲ್ಲೇ, ಕೆಳಗಿನ ಬದುವಿನ ಬೇವಿನ ಮರದ ಪಕ್ಕದಲ್ಲಿ ಮಣ್ಣು ಮಾಡಿದ. ಮಕ್ಕಳಿಲ್ಲ. ಪ್ರತಿ ಅಮಾವಾಸ್ಯೆಗೂ ತಾನೇ ಅಡಿಗೆ ಮಾಡಿಕೊಂಡು ಹೋಗಿ ಸಮಾಧಿಯ ಮೇಲೆ ಎಡೆ ಇಟ್ಟು ಬರುತ್ತಿದ್ದ. ಅವನಿಗೆ ಅಡಿಗೆ ಬರುತ್ತದೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಶೆಡ್ಡಿಗೆ ನಾನು ಬಹಳ ದಿನ ಕಾಲಿಡಲಿಲ್ಲ. ಅಚ್ಚುಗಳ ಮೇಲೆ ಜೇಡ ಬಲೆ ಕಟ್ಟಿತು. ಕೊನೆಗೆ ಒಂದು ಭಾನುವಾರ ನಮ್ಮನೆಯವರೇ ಕಸಬರಿಗೆ ತಗೊಂಡು ಒಳಗೆ ಹೋಗಿ ಗುಡಿಸಿ, "ಅಂಟು ಗಟ್ಟಿಯಾಗಿ ಹೋಗೈತೆ, ಹೊಸದು ತರ್ಲೇನು?" ಅಂದರು. ಬೇಡ ಎಂದು ಮೊದಲೇ ಹೇಳಿದ್ದ ಮನುಷ್ಯ. ತನ್ನಿ ಅಂದೆ.

ದೋಣಿ ಮುಗಿಯಿತು. ಹೊರಮೈಗೆ ಗಾಜಿನ ನೂಲಿನ ಬಟ್ಟೆ ಹೊದಿಸಿ ರೆಸಿನ್ ಎಂಬ ಅಂಟು ಬಳಿದ ಮೇಲೆ ಹೆಬ್ಬೇವಿನ ನಸುಗೆಂಪು ಗೆರೆಗಳು ಎದ್ದು ಕಂಡವು. ಮೊದಲ ಪರೀಕ್ಷೆ ಊರ ಹತ್ತಿರದ ಒಂದು ಕೆರೆಯಲ್ಲಿ. ನಾವಿಬ್ಬರೂ ಹತ್ತಿದೆವು. ನಮ್ಮನೆಯವರು ಕೂರುವ ಮೊದಲು ಒಮ್ಮೆ ನಿಂತು ಏರಿಯ ಕಡೆ ನೋಡಿದರು. ನೋಡಿದವರು ಹಾಗೇ ನೀರಿಗೆ ಹೋದರು, ಅವರ ಹಿಂದೆ ನಾನು. ಸೊಂಟದಷ್ಟು ನೀರು. ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಹಟ್ಟಿಯವರೊಬ್ಬರು ಕೋಲೂರಿ ನಿಂತು ನೋಡುತ್ತಿದ್ದರು.

"ಅಕ್ಕಾರೆ, ಈ ಸಾಮಾನು ಮೇಲ್ ಬರೋಕೋ, ಕೆಳಗ್ ಹೋಗೋಕೋ?" ಎಂದು ವಿಚಾರಿಸಿದರು.

"ಇನ್ನೂ ಗೊತ್ತಾಗಿಲ್ಲರಿ" ಅಂದೆ.

ಗೊತ್ತಾಗುವುದಕ್ಕೆ ಆ ಬೇಸಿಗೆ ಪೂರ್ತಿ ಹಿಡಿಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ನಾನು ಒಬ್ಬಳೇ ಕೂತು ಕೆರೆ ದಾಟಿ ಬರುವಷ್ಟು ಕಲಿತಿದ್ದೆ.

ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಹಿಡಿಯಿತು ಎಂದು ಬರೆಯುವುದು ಅಪರೂಪ. ಮಾರಿಕಣಿವೆ ತುಂಬುತ್ತಿದೆ ಎಂಬ ಸುದ್ದಿ ಬಂತು. ಹಿರಿಯೂರಿನ ಕಡೆಯವರು ಸಂಸಾರ ಸಮೇತ ಹೋಗಿ ಕೋಡಿ ನೋಡಿ ಫೋಟೊ ಹೊಡೆಸಿಕೊಂಡು ಬಂದರು. ಎಲ್ಲರಿಗೂ ಸಂತೋಷವೇ. ಆದರೆ ಅಣೆಕಟ್ಟಿಗೆ ಮುಂದೊಂದು ಮುಖವಿದ್ದರೆ ಹಿಂದೊಂದು ಬೆನ್ನಿರುತ್ತದೆ. ಬೆನ್ನಿನ ಕಡೆಯ ಹಳ್ಳಿಗಳಲ್ಲಿ ನೀರು ಸದ್ದಿಲ್ಲದೆ ಹೊಲಗಳಿಗೆ ಬರುತ್ತಿತ್ತು. ಅಣ್ಣನ ಕೆಳಗಿನ ಹೊಲ ಹೋಯಿತು. ಮೋಟಾರು ಬಿಚ್ಚಿಕೊಂಡು ಬರುವಷ್ಟರಲ್ಲಿ ತೆಂಗಿನ ಎಳೆಮರಗಳ ಬುಡ ಮುಳುಗಿತು, ಆಮೇಲೆ ಬದು, ಆಮೇಲೆ ಬೇವಿನ ಮರದ ಬೊಡ್ಡೆ. ಫೋನು ಮಾಡಿದರೆ, "ನೀರು ಬಂದೈತೆ. ನೀರಲ್ವಾ, ಬರುತ್ತೆ" ಎನ್ನುತ್ತಿದ್ದ. ಅಷ್ಟೇ ಮಾತು.

ಭಾದ್ರಪದದ ಅಮಾವಾಸ್ಯೆ ಹತ್ತಿರ ಬಂದಾಗ ಅವನೇ ಮನೆಗೆ ಬಂದ. ಕಾಫಿ ಕುಡಿದ, ಅತ್ತೆಯ ಮಂಡಿನೋವು ವಿಚಾರಿಸಿದ. ಹೊರಡಲು ಎದ್ದವನು ಮತ್ತೆ ಕೂತ. ನನ್ನ ಮುಖ ನೋಡದೆ, "ಆ ದೋಣ್ಯಾಗೆ ಇಬ್ರು ಕುಂತ್ಕಬೋದೇನು?" ಅಂದ.

"ಕುಂತ್ಕಬೋದು. ನಿಂತ್ಕಬಾರ್ದು ಅಷ್ಟೇ."

"ಅವಳ್ನ ನೋಡಿ ಭಾಳ ದಿನ ಆತು."

"ಹೋಗಾಣ" ಅಂದೆ.

ಲಗೇಜು ಆಟೋದ ಮೇಲೆ ದೋಣಿ ಕಟ್ಟಿಕೊಂಡು ಹೋದೆವು. ಅದು ಗಾಡಿಗಿಂತ ಉದ್ದ. ದಾರಿಯಲ್ಲಿ ಬಸ್ಸಿನವರೆಲ್ಲ ನಿಧಾನ ಮಾಡಿ ನೋಡುತ್ತಿದ್ದರು. ಅಣ್ಣ ಹಿಂದೆ ಕೂತು, ಮಡಿಲಲ್ಲಿ ಬಟ್ಟೆ ಸುತ್ತಿದ ಸ್ಟೀಲಿನ ಡಬ್ಬಿ ಇಟ್ಟುಕೊಂಡು, ಯಾರ ಕಡೆಗೂ ನೋಡದೆ ಬಂದ.

ದಡ ಎಂಬುದು ಅಲ್ಲಿರಲಿಲ್ಲ. ಗಾಡಿದಾರಿ ಹಾಗೇ ಇಳಿದು ನೀರಿನೊಳಗೆ ಹೋಗಿತ್ತು. ಕಾರಿನ ಟ್ಯೂಬುಗಳನ್ನು ಎದೆಗೆ ಹಾಕಿಕೊಂಡು ಇಬ್ಬರೂ ಹತ್ತಿದೆವು. ಮುಂದೆ ಅಣ್ಣ, ಹಿಂದೆ ನಾನು. ಅವನು ಹುಟ್ಟನ್ನು ಗುದ್ದಲಿ ಹಿಡಿದ ಹಾಗೆ ಹಿಡಿದು ನೀರನ್ನು ಅಗೆಯತೊಡಗಿದ. ಸುಮ್ಮನೆ ಕೂತಿರೆಂದು ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಅಣ್ಣ ನನ್ನ ಮಾತು ಕೇಳಿದ.

ತೆಂಗಿನ ತೋಟ ಕುತ್ತಿಗೆವರೆಗೆ ಮುಳುಗಿತ್ತು. ತಲೆಗಳು ಮಾತ್ರ ನೀರಿನ ಮೇಲೆ, ದೊಡ್ಡ ಪೊರಕೆಗಳನ್ನು ನೆಟ್ಟ ಹಾಗೆ. ಗರಿಗಳ ನಡುವೆ ದಾರಿ ಮಾಡಿಕೊಂಡು ಹೋದೆವು. ಕೂತಲ್ಲಿಂದಲೇ ಎಳನೀರಿನ ಗೊನೆ ಕೈಗೆ ಸಿಗುತ್ತಿತ್ತು. ಅಣ್ಣ ಒಂದು ಕಾಯಿಯನ್ನು ತಿರುವಿ ಕಿತ್ತು, ಅದನ್ನು ಕೈಯಲ್ಲಿ ಹಿಡಿದು ನೋಡಿದ. "ಮೊದಲ್ನೇ ಫಸಲು" ಅಂದ. ಕಾಲಬುಡದಲ್ಲಿಟ್ಟುಕೊಂಡ. ಇನ್ನೊಂದನ್ನು ಕೀಳಲಿಲ್ಲ.

ಬೇವಿನ ಮರ ಅರ್ಧ ನೀರಿನಲ್ಲಿತ್ತು. ಎಲೆ ಹಸಿರಾಗಿಯೇ ಇತ್ತು. ಸಮಾಧಿ ಮರದ ಯಾವ ಕಡೆ ಎಂದು ಅಣ್ಣನಿಗೆ ಗೊತ್ತು, ಎಷ್ಟು ದೂರ ಎಂದೂ ಗೊತ್ತು. ಆದರೆ ನೆಲದ ಮೇಲೆ ಗೊತ್ತಿದ್ದದ್ದು ನೀರಿನ ಮೇಲೆ ಗೊತ್ತಾಗಲಿಲ್ಲ. ಊರಿನ ನೀರಿನ ಟ್ಯಾಂಕು ನೋಡಿದ, ಎದುರಿನ ಗುಡ್ಡ ನೋಡಿದ. "ಸ್ವಲ್ಪ ಹಿಂದಕ್ಕೆ" ಅಂದ. "ಇಲ್ಲ, ಎಡಕ್ಕೆ" ಅಂದ. ಅವನು ಹೇಳಿದಂತೆ ನಾನು ದೋಣಿ ತಿರುಗಿಸಿದೆ. ಅವನು ಹುಟ್ಟನ್ನು ನೆಟ್ಟಗೆ ನೀರಿಗೆ ಇಳಿಸಿ, ಭುಜದವರೆಗೆ ತೋಳು ಮುಳುಗಿಸಿ, ತಳ ಸಿಗುತ್ತದೇನೋ ನೋಡಿದ. ಸಿಗಲಿಲ್ಲ.

"ಇಲ್ಲೇ ಇರ್ಬೇಕು" ಅಂದ.

ಡಬ್ಬಿ ಬಿಚ್ಚಿದ. ಮುತ್ತುಗದ ಎಲೆಯ ಮೇಲೆ ಮುದ್ದೆ, ಅವರೆಕಾಳಿನ ಸಾರು, ಶೇಂಗಾ ಉಂಡೆ ಇಟ್ಟು, ಎರಡೂ ಕೈಯಿಂದ ನೀರಿನ ಮೇಲೆ ಬಿಟ್ಟು ಕೈಮುಗಿದ. ಎಲೆ ತೇಲಿತು. ಗಾಳಿ ಬೀಸಿ ಎಲೆ ಆಚೆ ಹೋಗತೊಡಗಿತು. ಅಣ್ಣ ಹುಟ್ಟಿನಿಂದ ಅದನ್ನು ಮೆಲ್ಲಗೆ ಈಚೆ ಎಳೆದ. ಅದು ಮತ್ತೆ ಹೋಯಿತು. ಮತ್ತೆ ಎಳೆದ. ನಾನೂ ದೋಣಿಯನ್ನು ಎಲೆಯ ಹಿಂದೆ ಹಿಂದೆ ನಡೆಸಿದೆ. ಕೊನೆಗೆ ಎಲೆ ವಾಲಿ ಸಾರು ನೀರಿಗಿಳಿಯಿತು. ಕೆಳಗಿಂದ ಸಣ್ಣ ಸಣ್ಣ ಮೀನುಗಳು ಬಂದು ಮುದ್ದೆಗೆ ಬಾಯಿ ಹಾಕಿದವು. ಎಡೆಯನ್ನು ಕಾಗೆ ಮುಟ್ಟುವವರೆಗೆ ಕಾಯುವುದು ನಮ್ಮಲ್ಲಿ ರೂಢಿ. ಕಾಗೆಗಳು ಬೇವಿನ ಮೇಲೆ ಕೂತಿದ್ದವು, ಆದರೆ ಇಳಿಯಲು ಜಾಗವಿರಲಿಲ್ಲ. ಅಣ್ಣ ಒಮ್ಮೆ ಅವುಗಳ ಕಡೆ, ಒಮ್ಮೆ ಮೀನುಗಳ ಕಡೆ ನೋಡಿದ.

"ಇವೇ ತಿನ್ಲಿ ಬಿಡು. ಹತ್ರ ಇರೋವು ಇವೇ ಅಲ್ವಾ" ಅಂದ.

ವಾಪಸು ಬರುವಾಗ ಹುಟ್ಟು ಹಾಕುವುದು ಹೇಗೆಂದು ಕೇಳಿದ. ತೋರಿಸಿದೆ. ಅವನ ಮನೆ ಮುಟ್ಟಿದ ಮೇಲೆ, ದೋಣಿ ಇಲ್ಲೇ ಇರಲಿ, ಕೊಟ್ಟಿಗೆಯ ಮಾಡಿನ ಕೆಳಗೆ ಜಾಗವಿದೆ ಅಂದ. ಕೋಳಿ ಕೂರದಂತೆ ನೋಡಿಕೋ ಎಂದು ಬಾಯಿಗೆ ಬಂದಿತ್ತು.

ಮುಂದಿನ ಅಮಾವಾಸ್ಯೆಗೆ ಮತ್ತೆ ಹೋದೆ. ಅಣ್ಣ ಆಗಲೇ ನೀರಿನ ಹತ್ತಿರ ಕಾಯುತ್ತಿದ್ದ. ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಹತ್ತಲು ಹೋದರೆ, "ನೀನ್ ಇಲ್ಲೇ ಇರು" ಅಂದ.

"ಯಾಕೆ?"

"ಅವಳ ಹತ್ರ ಸ್ವಲ್ಪ ಮಾತಾಡೋದೈತೆ. ಹೋದ್ಸಲ ನೀನಿದ್ದೆ, ಆಗ್ಲಿಲ್ಲ."

ಒಬ್ಬನೇ ಹೋದ. ದಾರಿ ಅಂಕುಡೊಂಕಾಗಿತ್ತು. ಒಂದು ತೆಂಗಿಗೆ ಢಿಕ್ಕಿ ಹೊಡೆದು, ಗರಿ ಹಿಡಿದು ತಳ್ಳಿಕೊಂಡು, ಮತ್ತೆ ಮುಂದೆ ಹೋದ. ನಾನು ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆ. ಆ ದೋಣಿ ನೀರಿನ ಮೇಲೆ ಹೋಗುವುದನ್ನು ಅಷ್ಟು ದೂರದಿಂದ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಯಾವಾಗಲೂ ಅದರೊಳಗೆ ಕೂತಿರುತ್ತಿದ್ದೆ. ನನಗೆ ಅದರಲ್ಲಿ ಕಾಣುತ್ತಿದ್ದುದೆಲ್ಲ ತಪ್ಪುಗಳೇ. ಇಲ್ಲಿ ಪಟ್ಟಿ ಕೂಡಿಲ್ಲ, ಇಲ್ಲಿ ರೆಸಿನ್ನಿನಲ್ಲಿ ಗುಳ್ಳೆ, ಇಲ್ಲಿ ಅಂಚು ಎದ್ದಿದೆ. ದೂರದಿಂದ ಅವು ಯಾವುವೂ ಕಾಣಲಿಲ್ಲ. ಬೇವಿನ ಪಕ್ಕದಲ್ಲಿ ಅದು ಸಮನಾಗಿ ನಿಂತಿತ್ತು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ಆಗಾಗ ಅವನ ಕೈ ಆಡುತ್ತಿತ್ತು, ಯಾರಿಗೋ ಏನನ್ನೋ ವಿವರಿಸುವಾಗ ಆಡುವ ಹಾಗೆ. ಮಾತು ಇಲ್ಲಿಗೆ ಕೇಳುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಬಂದ. ದೋಣಿಯ ಮೂತಿ ಕೆಸರಿಗೆ ತಾಗಿತು. ನಾನು ತುದಿ ಹಿಡಿದುಕೊಂಡೆ, ಅವನು ಇಳಿದ. ಇಬ್ಬರೂ ಸೇರಿ ಮೇಲಕ್ಕೆಳೆದೆವು. ಟವೆಲ್ಲಿನಿಂದ ಮುಖ, ಕತ್ತು ಒರೆಸಿಕೊಂಡ.

"ರತ್ನಂಗೆ ನೀರು ಕಂಡ್ರೆ ಆಗ್ತಿರ್ಲಿಲ್ಲ" ಅಂದ. "ಮದುವೆ ಆದ ಹೊಸ್ದಾಗಿ ಹರಗೋಲ್ ಹತ್ತಿಸ್ತೀನಿ ಬಾ ಅಂದ್ರೆ ಅಳೋಕ್ ಶುರು ಮಾಡಿದ್ಲು. ಇದ್ನೂ ಹತ್ತುತಿರ್ಲಿಲ್ಲ, ನಾನು ಎಷ್ಟ್ ಕರೆದ್ರೂ."

ಬಗ್ಗಿ ದೋಣಿಯೊಳಗಿನ ಹುಟ್ಟನ್ನು ಎತ್ತಿಕೊಂಡ. ಅದರ ಅಲಗಿಗೆ ಅಂಟಿದ್ದ ಪಾಚಿಯನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದ.

"ನೀನ್ ಮಾಡಿದ್ದು ಅಂದಿದ್ರೆ ಹತ್ತುತಿದ್ಲು" ಅಂದ.